ಕಾಲು ತೆಗೆದರೂ ನಿಲ್ಲದ ಸ್ವರ

ಪ್ರಶ್ನೆ: ನಾನು ಸುಗಮ ಸಂಗೀತದ ಕಾರ್ಯಕ್ರಮಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಈಚೆಗೆ ಕೆಲವು ದಿನ ಸಸ್ಟೇನ್ ಪೆಡಲನ್ನು (ಒತ್ತಿರುವಷ್ಟು ಹೊತ್ತು ಸ್ವರವನ್ನು ಹಿಡಿದಿಡುವ ಕಾಲಿನ ಪೆಡಲ್) ಒತ್ತದಿದ್ದರೂ ಸ್ವರಗಳು ನಿಲ್ಲದೆ ಮೊಳಗುತ್ತವೆ, ಒತ್ತಿದರೆ ನಿಲ್ಲುತ್ತವೆ. ಇನ್ನು ಕೆಲವು ದಿನ ಹಾಡಿನ ನಡುವೆ ಪೆಡಲ್ ಕೆಲಸವನ್ನೇ ಮಾಡುವುದಿಲ್ಲ. ಕೀಬೋರ್ಡಿನ ಒಳಗಿನ ಸರ್ಕ್ಯೂಟ್ ಬೋರ್ಡ್ ಬದಲಾಯಿಸಬೇಕೆಂದು ರಿಪೇರಿಯವರು ಹೇಳಿದರೆ, ಪೆಡಲಿನ ಎರಡು ವೈರ್‌ಗಳನ್ನು ಅದಲುಬದಲು ಮಾಡಿದರೆ ಸಾಕೆಂದು ಗೆಳೆಯರು ಹೇಳುತ್ತಾರೆ. ಯಾವುದು ಸರಿ?
— ಓದುಗರು, ಶಿವಮೊಗ್ಗ

ಉತ್ತರ: ಎರಡಕ್ಕೂ ಈಗಲೇ ಒಪ್ಪಬೇಡಿ. ನಿಮ್ಮ ಪತ್ರದಲ್ಲಿ ಬೇರೆ ಬೇರೆಯಾದ ಎರಡು ತೊಂದರೆಗಳು ಬೆರೆತಿವೆ.

ಒತ್ತಿದಾಗ ನಿಲ್ಲುವುದು, ಬಿಟ್ಟಾಗ ಮೊಳಗುವುದು ಬಹುಮಟ್ಟಿಗೆ ಕೆಟ್ಟುಹೋದುದರ ಲಕ್ಷಣವಲ್ಲ. ಸಾಮಾನ್ಯ ಪೆಡಲ್ ಎಂದರೆ ಒಂದು ಸ್ವಿಚ್ ಅಷ್ಟೆ. ಕೆಲವು ಪೆಡಲ್‌ಗಳಲ್ಲಿ ಒತ್ತಿದಾಗ ಸಂಪರ್ಕ ಕೂಡುತ್ತದೆ. ಯಮಹಾದ ಎಫ್‌ಸಿ5ರಂಥವುಗಳಲ್ಲಿ ಸದಾ ಕೂಡಿರುವ ಸಂಪರ್ಕ ಒತ್ತಿದಾಗ ಕಡಿಯುತ್ತದೆ. ತನಗೆ ಯಾವ ಬಗೆಯ ಪೆಡಲ್ ಜೋಡಿಸಿದೆ ಎಂಬುದನ್ನು ಅನೇಕ ಕೀಬೋರ್ಡ್‌ಗಳು ಸ್ವಿಚ್ ಆನ್ ಆದ ಕ್ಷಣದಲ್ಲಿ ನೋಡಿಕೊಳ್ಳುತ್ತವೆ. ಆಗ ನಿಮ್ಮ ಪಾದ ಪೆಡಲಿನ ಮೇಲಿದ್ದರೆ, ಅಥವಾ ಆನ್ ಮಾಡಿದ ಮೇಲೆ ಪಿನ್ ಚುಚ್ಚಿದರೆ, ಕೀಬೋರ್ಡ್ ತಲೆಕೆಳಗಾಗಿ ಗ್ರಹಿಸಬಹುದು. ವೇದಿಕೆಯ ಅವಸರದಲ್ಲಿ ಇದು ತೀರಾ ಸಹಜ. ಆಫ್ ಮಾಡಿ, ಪಿನ್ನನ್ನು ಪೂರ್ತಿ ಒಳಕ್ಕೆ ಒತ್ತಿ, ಪಾದ ದೂರವಿಟ್ಟು ಮತ್ತೆ ಆನ್ ಮಾಡಿ. ಹೀಗೆ ಮಾಡಿದರೂ ಉಲ್ಟಾ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಪೆಡಲ್ ಪೊಲಾರಿಟಿ (ಒತ್ತುವ, ಬಿಡುವ ಕ್ರಮವನ್ನು ತಿರುಗಿಸುವ ಆಯ್ಕೆ) ಎಂಬುದು ಇದೆಯೇ ನೋಡಿ.

ವೈರ್ ಅದಲುಬದಲು ಮಾಡುವ ಸಲಹೆ ಬಹಳ ಕಡೆ ಕೇಳಿಬರುವುದರಿಂದ ಸ್ಪಷ್ಟವಾಗಿ ಹೇಳುತ್ತೇನೆ: ಅದರಿಂದ ಏನೂ ಆಗದು. ಎರಡೇ ತಂತಿಗಳ ಸ್ವಿಚ್ಚಿನಲ್ಲಿ ಯಾವ ತಂತಿ ಯಾವ ತುದಿಗಿದ್ದರೂ ಸಂಪರ್ಕ ಕೂಡುವ, ಕಡಿಯುವ ಕ್ರಮ ಬದಲಾಗುವುದಿಲ್ಲ. ಕ್ರಮ ಬದಲಾಗಬೇಕಾದರೆ ಸ್ವಿಚ್ಚಿನ ಬಗೆಯೇ ಬದಲಾಗಬೇಕು. ಪೊಲಾರಿಟಿ ಬದಲಿಸುವ ಪುಟ್ಟ ಸ್ವಿಚ್ ತಳದಲ್ಲೇ ಇರುವ ಪೆಡಲ್‌ಗಳೂ ಸಿಗುತ್ತವೆ.

ಇನ್ನು ನಡುವೆ ಕೈಕೊಡುವುದು ನಿಜವಾದ ದೋಷ. ಅದು ಪೆಡಲಿನಲ್ಲಿದೆಯೋ ಕೀಬೋರ್ಡಿನಲ್ಲಿದೆಯೋ ಎಂಬುದು ತೀರ್ಮಾನವಾಗುವ ಮೊದಲು ಬೋರ್ಡಿಗೆ ಹಣ ಕೊಡುವುದು ಖಂಡಿತ ಬೇಡ. ಮೊದಲು ಪೆಡಲನ್ನು ತೆಗೆದಿಟ್ಟು, ಆಫ್ ಮಾಡಿ ಆನ್ ಮಾಡಿ ನುಡಿಸಿ. ಆಗಲೂ ಸ್ವರ ನಿಲ್ಲದಿದ್ದರೆ, ಪ್ಯಾನೆಲ್‌ನಲ್ಲಿರುವ ಸಸ್ಟೇನ್ ಬಟನ್ ಆನ್ ಆಗಿಲ್ಲವೆಂದು ಖಚಿತವಾದ ಮೇಲೆ ಮಾತ್ರ, ಕೀಬೋರ್ಡನ್ನು ಶಂಕಿಸಿ. ಬಳಿಕ ಗಿಟಾರಿಗೆ ಬಳಸುವ ಸಾಧಾರಣ ಮಾನೋ ಕೇಬಲನ್ನು ಪೆಡಲ್ ಜಾಕಿಗೆ (ಹೆಡ್‌ಫೋನ್ ಅಥವಾ ಔಟ್‌ಪುಟ್ ಜಾಕಿಗಲ್ಲ) ಹಾಕಿ, ಕೀಬೋರ್ಡ್ ಆನ್ ಮಾಡಿ, ಇನ್ನೊಂದು ತುದಿಯ ಪಿನ್ನಿನ ಮೊನೆಯನ್ನೂ ಬುಡದ ಲೋಹವನ್ನೂ ಒಂದು ತುಂಡು ತಂತಿಯಿಂದ ಮುಟ್ಟಿಸಿ. ಮುಟ್ಟಿಸಿದಾಗ ಸ್ವರ ಹಿಡಿದು, ಬಿಟ್ಟಾಗ ನಿಂತು, ಹಲವು ಸಲ ಹೀಗೆಯೇ ತಪ್ಪದೆ ನಡೆದರೆ ಕೀಬೋರ್ಡ್ ಚೆನ್ನಾಗಿದೆ, ದೋಷ ಪೆಡಲಿನದು.

ಪೆಡಲಿನಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಕೇಬಲ್, ಅದರಲ್ಲೂ ಪಿನ್ನಿನ ಬುಡ ಮತ್ತು ಪೆಡಲಿನೊಳಕ್ಕೆ ಹೋಗುವ ಜಾಗ. ಮಲ್ಟಿಮೀಟರನ್ನು ಕಂಟಿನ್ಯುಯಿಟಿಗೆ (ಸಂಪರ್ಕವಿದ್ದರೆ ಬೀಪ್ ಎನ್ನುವ ಕ್ರಮಕ್ಕೆ) ಇಟ್ಟು, ಮೊನೆಗೊಂದು ಬುಡಕ್ಕೊಂದು ಕಡ್ಡಿ ಹಿಡಿದು, ಪೆಡಲ್ ಒತ್ತಿ ಬಿಡುತ್ತಾ ಕೇಬಲನ್ನು ಅಲ್ಲಲ್ಲಿ ಬಾಗಿಸಿ. ಬಾಗಿಸಿದಾಗ ಬೀಪ್ ತಪ್ಪಿದರೆ ಅಲ್ಲಿ ತಂತಿ ಮುರಿದಿದೆ. ಆ ಭಾಗ ಕತ್ತರಿಸಿ ಹೊಸ ಪಿನ್ ಬೆಸುಗೆ ಹಾಕಿಸಬಹುದು. ಕೇಬಲ್ ಸರಿಯಿದ್ದು ಒತ್ತುವಾಗ ಮಾತ್ರ ಬೀಪ್ ತಡವರಿಸಿದರೆ, ತಳದ ಸ್ಕ್ರೂಗಳನ್ನು ಬಿಚ್ಚಿ ಒಳಗಿನ ಸಂಪರ್ಕಗಳ ಧೂಳು, ಕಿಲುಬುಗಳನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೆಗೆಯಿರಿ. ಮಳೆಗಾಲದ ತೇವದಲ್ಲಿ ಕಿಲುಬು ಬೇಗ ಹಿಡಿಯುತ್ತದೆ.

ಮಾನೋ ಕೇಬಲಿನ ಪರೀಕ್ಷೆಯಲ್ಲೂ, ಜಾಕಿನ ಬಳಿ ಪಿನ್ ಅಲುಗಿಸಿದಾಗ ಸ್ವರ ತಪ್ಪಿದರೆ, ಜಾಕ್ ಸಡಿಲವಾಗಿದೆ ಅಥವಾ ಅದರ ಬೆಸುಗೆ ಬಿರುಕು ಬಿಟ್ಟಿದೆ. ಪಿನ್ನಿನ ಮೇಲೆ ಕಾಲು, ಕೇಬಲುಗಳ ಎಳೆತ ಬೀಳುವುದರಿಂದ ಹೀಗಾಗುತ್ತದೆ. ರಿಪೇರಿಯವರಿಗೆ ಅದನ್ನು ತೋರಿಸಿ, ಜಾಕಿಗೆ ಮರುಬೆಸುಗೆ ಹಾಕಲು ಅಥವಾ ಜಾಕನ್ನಷ್ಟೇ ಬದಲಾಯಿಸಲು ಕೇಳಿ. ಇದಕ್ಕೆ ಇಡೀ ಬೋರ್ಡ್ ಬದಲಾಯಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.