ಅರಬ್ ಚಾನೆಲ್‌ನಲ್ಲಿ ಇಷ್ಟೊಂದು ಪರದೇಶದ ಮುಖಗಳ್ಯಾಕೆ?

ಪ್ರಶ್ನೆ: ಮಗ ಕತಾರ್‌ನ ದೋಹಾದಲ್ಲಿದ್ದಾನೆ. ಅವನ ಮನೇಲಿ ಅಲ್ ಜಜೀರಾ ಇಂಗ್ಲಿಷ್ ನೋಡ್ತಿದ್ದೆ. ಬ್ರಿಟಿಷರು, ಆಫ್ರಿಕಾದವ್ರು, ಮಲೇಷ್ಯಾದವ್ರು ಎಲ್ಲಾ ಬರ್ತಾರೆ. ಇದು ಬರೀ ತೋರಿಕೆನಾ?
– ಒಬ್ಬ ಓದುಗರು, ಉಡುಪಿ

ಉತ್ತರ: ತೋರಿಕೆ ಅಂತ ತಳ್ಳಿಹಾಕೋಕೆ ಆಗಲ್ಲ ಸರ್. 1996ರ ಏಪ್ರಿಲ್‌ನಲ್ಲಿ ಬಿಬಿಸಿ ಒಂದು ಸೌದಿ ಕಂಪನಿ ಜೊತೆ ಸೇರಿ ನಡೆಸ್ತಿದ್ದ ಅರಬ್ಬಿ ಟಿವಿ ಮುಚ್ಚೋಯ್ತು, ಕೆಲಸ ಕಳ್ಕೊಂಡ ಪತ್ರಕರ್ತರಲ್ಲಿ ಸುಮಾರು ಜನರನ್ನ ಕತಾರ್ ಕರೆಸ್ಕೊಂಡು ಅದೇ ನವೆಂಬರ್ 1ಕ್ಕೆ ಅಲ್ ಜಜೀರಾ ಅನ್ನೋ ಅರಬ್ಬಿ ಸುದ್ದಿ ಚಾನೆಲ್ ಶುರು ಮಾಡ್ತು. ಹಾಗಾಗಿ ಪ್ಯಾಲೆಸ್ಟೀನ್, ಸಿರಿಯಾ, ಅಲ್ಜೀರಿಯಾ, ಸುಡಾನ್ ಅಂತ ಹತ್ತಾರು ಊರಿನವ್ರು ಮೊದಲಿಂದಲೂ ಇದ್ರು. ಮೊರಾಕೊದವ್ರ ಮನೆಮಾತು ಇರಾಕಿನವ್ರಿಗೆ ಸುಲಭಕ್ಕೆ ತಿಳಿಯಲ್ಲ, ಅದಕ್ಕೇ ವಾರ್ತೆ ಓದೋದು ಗ್ರಾಂಥಿಕ ಅರಬ್ಬಿಯಲ್ಲಿ.

ನೀವು ನೋಡಿದ ಇಂಗ್ಲಿಷ್ ಚಾನೆಲ್ ಬಂದಿದ್ದು 2006ರ ನವೆಂಬರ್ 15ಕ್ಕೆ, ದೋಹಾ, ಕ್ವಾಲಾಲಂಪುರ, ಲಂಡನ್, ವಾಷಿಂಗ್ಟನ್ ನಾಲ್ಕೂ ಕಡೆ ಸ್ಟುಡಿಯೋ ಇಟ್ಟು. ಆಗ ಪಾಶ್ಚಾತ್ಯ ಪತ್ರಿಕೆಗಳಿಗೆ ಸಿಕ್ಕಿದ ದೊಡ್ಡ ಸುದ್ದಿ ಅಂದ್ರೆ ಅಮೆರಿಕದ ಮಾಜಿ ಅಧ್ಯಕ್ಷ ನಿಕ್ಸನ್ ಸಂದರ್ಶನ ಮಾಡಿದ್ದ ಬ್ರಿಟಿಷ್ ಟಿವಿ ಪತ್ರಕರ್ತ ಡೇವಿಡ್ ಫ್ರಾಸ್ಟ್ ಅಲ್ಲಿಗೆ ಹೋದ್ರಂತೆ ಅನ್ನೋದು. 2008ರಲ್ಲಿ ವಾಷಿಂಗ್ಟನ್ ಆಂಕರ್ ಡೇವ್ ಮರಾಶ್, ಅಮೆರಿಕ ವಿರೋಧಿ ಒಲವಿದೆ, ಹಿಡಿತ ಎಲ್ಲಾ ದೋಹಾದಲ್ಲೇ ಇದೆ ಅಂತ ಹೇಳಿ ಕೆಲಸ ಬಿಟ್ಟಾಗ ಮತ್ತೆ ಸುದ್ದಿ. ಹಿಡಿತದ ವಿಷಯ ನಿಜಕ್ಕೂ ಕೇಳಲೇಬೇಕಾದ್ದು ಅನ್ಸುತ್ತೆ ನಂಗೆ, ಯಾಕಂದ್ರೆ ಪರದೆ ಮೇಲೆ ನೂರು ದೇಶದವ್ರಿದ್ರೂ ದುಡ್ಡು ಕತಾರ್ ಸರ್ಕಾರದ್ದು.

ಆದ್ರೆ ಸಾಮಿ ಅಲ್ ಹಾಜ್ ಬಗ್ಗೆ ಎಷ್ಟು ಜನಕ್ಕೆ ಗೊತ್ತು ಹೇಳಿ? ಅಲ್ ಜಜೀರಾದ ಸುಡಾನಿನ ಕ್ಯಾಮೆರಾಮನ್, 2001ರಲ್ಲಿ ಪಾಕಿಸ್ತಾನದಲ್ಲಿ ಹಿಡಿದು ಆಮೇಲೆ ಅಮೆರಿಕದವ್ರ ಗ್ವಾಂಟಾನಾಮೊ ಜೈಲಿಗೆ ಹಾಕಿದ್ರು, ವಿಚಾರಣೆನೇ ಇಲ್ಲದೆ 2008ರ ಮೇ ತನಕ ಒಳಗಿದ್ರು. ಫ್ರಾಸ್ಟ್ ಹೆಸರು ಗೊತ್ತಿರೋರಿಗೂ ಇವರ ಹೆಸರು ಗೊತ್ತಿರಲ್ಲ, ಅದು ನಂಗೆ ತುಂಬಾ ನೋವು ಕೊಡುತ್ತೆ. ಶಿರೀನ್ ಅಬು ಅಕ್ಲೆ ಜೆರುಸಲೆಂನ ಹೆಣ್ಣುಮಗಳು, ಕ್ರಿಶ್ಚಿಯನ್, 1997ರಿಂದ ಅರಬ್ಬಿ ಚಾನೆಲ್‌ಗೆ ವರದಿ ಮಾಡ್ತಿದ್ರು. 2022ರ ಮೇ 11ರ ಬೆಳಗ್ಗೆ ಪ್ಯಾಲೆಸ್ಟೀನ್‌ನ ಜೆನಿನ್‌ನಲ್ಲಿ ತಲೆಗೆ ಗುಂಡು ಬಿದ್ದು ಸತ್ತಾಗ ಹೆಲ್ಮೆಟ್ ಇತ್ತು, ಮೈಮೇಲೆ ‘ಪ್ರೆಸ್’ ಅಂತ ದೊಡ್ಡದಾಗಿ ಬರೆದಿದ್ದ ನೀಲಿ ಜಾಕೆಟ್ಟೂ ಇತ್ತು. ಆ ಊರಿನ ಗಲ್ಲಿ, ಭಾಷೆ, ಜನ ಎಲ್ಲಾ ಗೊತ್ತಿದ್ದೋರು ಅವರು, ಅಂಥವ್ರನ್ನ ಕೆಲಸಕ್ಕೆ ತಗೊಂಡಿದ್ದೇ ಆ ಚಾನೆಲ್‌ನ ನಿಜವಾದ ಬಲ.

ಮುಂದಿನ ಸಲ ಹೋದಾಗ ಅರಬ್ಬಿ ಬಲ್ಲವ್ರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಒಂದೇ ಸುದ್ದಿನ ಎರಡೂ ಚಾನೆಲ್‌ನಲ್ಲಿ ನೋಡಿ, ಕತಾರ್ ಬಗ್ಗೆ ಏನು ಬರುತ್ತೆ ಅನ್ನೋದನ್ನೂ ಗಮನಿಸಿ, ನಮಗೂ ಬರೆದು ತಿಳಿಸಿ.