‘ಪ್ರಾರ್ಥಿಸುತ್ತೇನೆ’ ಎಂದು ಹೇಳಿ ಬಂದ ಮೇಲೆ

ಪ್ರಿಯ ಸಹೋದರಿ,

ಎಂಟು ತಿಂಗಳಿಂದ ನಿಮ್ಮ ಯಜಮಾನರ ಕೆಲಸಕ್ಕಾಗಿ ಪ್ರಾರ್ಥಿಸುತ್ತಿದ್ದೀರಿ, ಉತ್ತರ ಬಂದಿಲ್ಲ. ಈ ನಡುವೆ ನಿಮ್ಮ ಚರ್ಚಿನ ಸಭೆಯ ಒಬ್ಬ ತಾಯಿ ಮಗನ ಫೀಸಿಗೆ ನೆರವು ಕೇಳಿದಾಗ ‘ನಿಮಗಾಗಿ ಪ್ರಾರ್ಥಿಸುತ್ತೇನೆ’ ಎಂದು ಹೇಳಿ ಬಂದಿರಿ. ಅಂದಿನಿಂದ ಮೊಣಕಾಲೂರಲು ನಾಚಿಕೆ. ‘ನನ್ನ ಕೈಯೇ ಬರಿದಾಗಿರುವಾಗ ನಾನೇನು ಕೊಡಲಿ?’ ಎಂದು ಕೇಳಿದ್ದೀರಿ.

ಬೈಬಲಿನಲ್ಲಿ ಲೂಕನ ಸುವಾರ್ತೆಯ 11ನೇ ಅಧ್ಯಾಯ ತೆಗೆಯಿರಿ. ನಡುರಾತ್ರಿ ಗೆಳೆಯನ ಬಾಗಿಲು ಬಡಿದು ಮೂರು ರೊಟ್ಟಿ ಕೇಳಿದವನ ಬಗ್ಗೆ ಯೇಸು ಹೇಳಿದ ಸಾಮ್ಯ, ಅಂದರೆ ದೃಷ್ಟಾಂತ ಕಥೆ, ಅಲ್ಲಿದೆ. ಬಿಡದೆ ಪ್ರಾರ್ಥಿಸಬೇಕು ಎಂಬುದಕ್ಕೆ ಅದನ್ನು ಎಷ್ಟೋ ಸಲ ಕೇಳಿದ್ದೇವೆ. ಆದರೆ ಅವನು ಬಡಿದದ್ದು ತನ್ನ ಹಸಿವಿಗಲ್ಲ. ಪ್ರಯಾಣದಿಂದ ಬಂದವನ ಮುಂದಿಡಲು ಮನೆಯಲ್ಲಿ ಏನೂ ಇರಲಿಲ್ಲ, ಅದಕ್ಕೆ ಹೋದ. ಬರಿಗೈ ಎಂದು ಅತಿಥಿಯನ್ನು ಸಾಗಹಾಕಲಿಲ್ಲ, ಒಂದು ಒಳ್ಳೆಯ ಮಾತು ಹೇಳಿ ಮಲಗಿಸಲೂ ಇಲ್ಲ. ಕತ್ತಲಲ್ಲಿ ಎದ್ದು ಹೊರಟ. ಅವನ ಪ್ರಾರ್ಥನೆಯೂ ಉಪಕಾರವೂ ಆ ಒಂದೇ ನಡಿಗೆಯಲ್ಲಿ ಇದ್ದವು.

ಜಾರ್ಜ್ ಮುಲ್ಲರ್ ಹೆಸರು ನೀವು ಕೇಳಿರಬಹುದು. 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥಾಲಯ ತೆರೆದು, ಯಾರ ಮುಂದೆಯೂ ಕೈಚಾಚದೆ ದೇವರನ್ನೇ ಕೇಳುತ್ತಾ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಾಕಿದವರು. ಅವರ ನಂಬಿಕೆಯನ್ನು ಹೊಗಳುವಾಗ ನಾವು ಒಂದು ಸಂಗತಿಯನ್ನು ದಾಟಿಬಿಡುತ್ತೇವೆ: ಬಂದ ಪ್ರತಿ ಕಾಸಿಗೂ ಲೆಕ್ಕವಿಟ್ಟು ಅಚ್ಚುಹಾಕಿಸುತ್ತಿದ್ದರು. ಅಲ್ಲದೆ, ಕೊರತೆಯ ದಿನಗಳಲ್ಲಿ ಕೂಡಿ ಪ್ರಾರ್ಥಿಸುತ್ತಿದ್ದ ಕೆಲಸಗಾರರೇ ತಮ್ಮ ಜೇಬಿನಲ್ಲಿದ್ದುದನ್ನು ಹಾಕಿದ್ದುಂಟು. ದೇವರನ್ನು ನಂಬುವುದೆಂದರೆ ಕೈಕಟ್ಟಿ ಕೂರುವುದು ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ.

ನಾಚಿಕೆಯ ವಿಷಯಕ್ಕೆ ಬಂದರೆ, ನಾನೂ ನಿಮ್ಮ ಸಾಲಿನವನೇ. ಒಮ್ಮೆ ಆಸ್ಪತ್ರೆಯಲ್ಲಿದ್ದ ಹಿರಿಯರೊಬ್ಬರ ಮಂಚದ ಪಕ್ಕ ನಿಂತು ಉದ್ದುದ್ದ ಪ್ರಾರ್ಥಿಸಿದೆ. ‘ಆಮೆನ್’ ಎಂದು ಕಣ್ಣು ತೆರೆದರೆ ಅವರು ಮೆಲ್ಲಗೆ, “ಅಯ್ಯಾ, ಆ ನೀರಿನ ಬಾಟಲಿ ಸ್ವಲ್ಪ ಇತ್ತ ಕೊಡ್ತೀರಾ?” ಎಂದರು. ಬಾಟಲಿ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರವಿತ್ತು. ನಾನು ಬರುವ ಮೊದಲಿನಿಂದಲೂ ಅವರಿಗೆ ಬಾಯಾರಿಕೆ.

ನಿಮ್ಮ ಪ್ರಾರ್ಥನೆಗೆ ಉತ್ತರವೇಕೆ ತಡವಾಗಿದೆ ಎಂದು ನಾನು ಹೇಳಲಾರೆ. ಕೊಟ್ಟರೆ ಕೆಲಸ ಸಿಗುತ್ತದೆ ಎಂದೂ ಹೇಳುವುದಿಲ್ಲ, ಅದು ವ್ಯಾಪಾರವಾಗುತ್ತದೆ. ಆ ತಾಯಿಯನ್ನು ಮಾತ್ರ ಮತ್ತೆ ಕಾಣಿರಿ. ಹಣವಿಲ್ಲದಿದ್ದರೆ ಇಲ್ಲವೆಂದೇ ಹೇಳಿ. ಕಂತು ಕೇಳಲು ಶಾಲೆಗೆ ಅವರ ಜೊತೆ ಹೋಗಬಹುದಲ್ಲ? ಒಬ್ಬರೇ ಹೋಗಿ ಆ ಮೇಜಿನ ಮುಂದೆ ನಿಲ್ಲುವುದು ಎಷ್ಟು ಕಷ್ಟವೆಂದು ಎಂಟು ತಿಂಗಳು ಕಳೆದ ನಿಮಗೆ ಗೊತ್ತಿದೆ.

ಅಂದಹಾಗೆ, ನಿಮ್ಮ ಯಜಮಾನರಿಗೆ ಯಾವ ಕೆಲಸ ಬರುತ್ತದೆಂದು ಪತ್ರದಲ್ಲಿಲ್ಲ. ಬರೆದು ಕಳಿಸಿ, ನಾಲ್ಕು ಜನರನ್ನು ವಿಚಾರಿಸುತ್ತೇನೆ. ಇಷ್ಟೆಲ್ಲ ಬರೆದ ಮೇಲೆ ನಾನೂ ‘ಪ್ರಾರ್ಥಿಸುತ್ತೇನೆ’ ಎಂದು ಕೈತೊಳೆದುಕೊಳ್ಳುವಂತಿಲ್ಲವಲ್ಲ.

— ಸಂಪಾದಕ