ತಟ್ಟೆ ಕಂಡರೆ ಓಡುವ ಮಗು: ಓದುಗರ ಪ್ರಶ್ನೆ, ಮಕ್ಕಳ ವೈದ್ಯರ ಉತ್ತರ

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ ನಾಲ್ಕು ವರ್ಷ ತುಂಬಿದೆ. ಮೊಸರನ್ನ, ಅಕ್ಕಿರೊಟ್ಟಿ, ಬಾಳೆಹಣ್ಣು, ಬಿಸ್ಕತ್ತು ಬಿಟ್ಟರೆ ಬೇರೇನನ್ನೂ ಮುಟ್ಟುವುದಿಲ್ಲ. ಸೊಪ್ಪು, ಕಾಳು ಕಂಡರೆ ಬಾಯಿ ಬಿಗಿದುಕೊಳ್ಳುತ್ತಾಳೆ, ಮುದ್ದೆಯನ್ನಂತೂ ಉಗಿದೇಬಿಡುತ್ತಾಳೆ. ಊಟ ಸೇರುವುದಿಲ್ಲವಲ್ಲ ಎಂದು ದಿನಕ್ಕೆ ಮೂರು ದೊಡ್ಡ ಲೋಟ ಹಾಲು ಕೊಡುತ್ತೇವೆ. ನಮ್ಮ ಅತ್ತೆಯವರು ಕೈಗೆ ಮೊಬೈಲ್ ಕೊಟ್ಟು, ಹಿಂದೆ ಹಿಂದೆ ಓಡಾಡಿ ತುತ್ತಿಡುತ್ತಾರೆ. ಕಳೆದ ವರ್ಷ 12.2 ಕಿಲೊ ಇದ್ದ ತೂಕ ಈಗ 14 ಕಿಲೊ. ಎತ್ತರ 99 ಸೆಂ.ಮೀ. ಅಂಗನವಾಡಿಯಲ್ಲಿ ಮಾತ್ರ ಅನ್ನ ಸಾರು ತಿನ್ನುತ್ತಾಳಂತೆ. ತಾಯಿಗೆ ಉಣ್ಣಿಸಲು ಬರುವುದಿಲ್ಲ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಏನು ಮಾಡಲಿ, ಡಾಕ್ಟರೇ?
— ಹೆಸರು ಬೇಡ

ಉತ್ತರ: ಮೊದಲು ತೂಕದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಲ್ಲಿ ನಾಲ್ಕು ವರ್ಷದ ಹೆಣ್ಣುಮಗುವಿನ ನಡುಮಟ್ಟದ ತೂಕ 16.1 ಕಿಲೊ, ಕಡಿಮೆ ತೂಕವೆಂದು ಎಣಿಸುವುದು 12.3 ಕಿಲೊಗಿಂತ ಇಳಿದಾಗ. ನಿಮ್ಮ ಮಗಳು ಸಣ್ಣ ಮೈಕಟ್ಟಿನವಳು, ಆದರೆ ಆ ಗೆರೆಯಿಂದ ಸಾಕಷ್ಟು ಮೇಲಿದ್ದಾಳೆ. ಹುಟ್ಟಿದ ಮೊದಲ ವರ್ಷದಲ್ಲಿ ಮಗುವಿನ ತೂಕ ಮೂರು ಪಟ್ಟಾಗುತ್ತದೆ. ಎರಡು ವರ್ಷ ದಾಟಿದ ಮೇಲೆ ವರ್ಷಕ್ಕೆ ಸುಮಾರು ಎರಡು ಕಿಲೊ ಮಾತ್ರ ಏರುತ್ತದೆ. ಬೆಳವಣಿಗೆಯ ವೇಗ ತಗ್ಗಿದಂತೆ ಹಸಿವೂ ತಗ್ಗುವುದರಿಂದ, ಹಿಂದೆ ಚೆನ್ನಾಗಿ ತಿನ್ನುತ್ತಿದ್ದ ಮಗು ಈಗ ತಿನ್ನುವುದನ್ನೇ ಬಿಟ್ಟಿತೆಂದು ಮನೆಯವರಿಗೆ ಅನಿಸುವುದು ಸಹಜ. ಹೊಸ ತಿನಿಸನ್ನು ಅನುಮಾನದಿಂದ ನೋಡುವ ಸ್ವಭಾವವೂ ಹೆಚ್ಚಾಗಿ 2ರಿಂದ 6 ವರ್ಷದ ಒಳಗೇ ಕಾಣಿಸಿಕೊಳ್ಳುತ್ತದೆ. ಇದರಲ್ಲಿ ತಾಯಿಯ ಕೈಗುಣದ ಪ್ರಶ್ನೆಯೇ ಇಲ್ಲ.

ನನಗೆ ಚಿಂತೆಯಿರುವುದು ಆ ಮೂರು ಲೋಟ ಹಾಲಿನ ಬಗ್ಗೆ. ದೊಡ್ಡ ಲೋಟವೆಂದರೆ ಕಾಲು ಲೀಟರ್ ಎಂದಿಟ್ಟುಕೊಂಡರೂ ದಿನಕ್ಕೆ 750 ಮಿಲಿಲೀಟರ್ ಆಯಿತು. ಹಸುವಿನ ಗಟ್ಟಿ ಹಾಲಾದರೆ ಅದರಿಂದಲೇ 500 ಕ್ಯಾಲೊರಿ ಬರುತ್ತದೆ. ಸಕ್ಕರೆ, ಬಿಸ್ಕತ್ತು ಸೇರಿದರೆ 700ರ ಹತ್ತಿರ ಹೋಗುತ್ತದೆ. ಈ ವಯಸ್ಸಿನ ಮಗುವಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿರುವ ದಿನದ ಅಗತ್ಯವೇ ಸುಮಾರು 1,360 ಕ್ಯಾಲೊರಿ. ಅರ್ಧ ಊಟ ಲೋಟದಲ್ಲೇ ಮುಗಿದಿರುವಾಗ ತಟ್ಟೆಯ ಮುಂದೆ ಕೂತ ಮಗು ಬಾಯಿ ಬಿಗಿಯುವುದು ಹಠವಲ್ಲ, ಅದಕ್ಕೆ ಹಸಿವೇ ಇಲ್ಲ. ಅಷ್ಟೇ ಅಲ್ಲ, ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಬೇರೆ ಆಹಾರದ ಕಬ್ಬಿಣ ಮೈಗೆ ಹತ್ತುವುದಕ್ಕೂ ಹಾಲಿನ ಸುಣ್ಣದ ಅಂಶ ಅಡ್ಡಿಯಾಗುತ್ತದೆ. ಹಾಲು ಕುಡಿದೇ ಬೆಳೆಯುವ ಮಕ್ಕಳಲ್ಲಿ ರಕ್ತಹೀನತೆ ಮತ್ತು ಮಲಬದ್ಧತೆ ಮೇಲಿಂದ ಮೇಲೆ ಕಾಣುವುದು ಇದೇ ಕಾರಣಕ್ಕೆ. ಆ ಎರಡೂ ಹಸಿವನ್ನು ಇನ್ನಷ್ಟು ಕೊಲ್ಲುತ್ತವೆ.

ಆದ್ದರಿಂದ ಹಾಲನ್ನು ದಿನಕ್ಕೆ 400 ಮಿಲಿಲೀಟರ್‌ಗೆ ಇಳಿಸಿ, ಅದನ್ನೂ ಊಟಕ್ಕೆ ಮುಂಚೆ ಕೊಡದೆ ತಿಂಡಿಯ ಜೊತೆಗೆ ಅಥವಾ ಆಮೇಲೆ ಕೊಡಿ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆ ಏನಾದರೊಂದು, ರಾತ್ರಿ ಬೇಗ ಊಟ, ಇವುಗಳ ನಡುವೆ ಎರಡೂವರೆ ಮೂರು ಗಂಟೆ ನೀರು ಬಿಟ್ಟು ಬೇರೇನೂ ಬೇಡ. ಏನು ಬಡಿಸಬೇಕು, ಯಾವಾಗ, ಎಲ್ಲಿ ಕೂರಿಸಬೇಕು ಎನ್ನುವುದು ಹಿರಿಯರಿಗೆ ಸೇರಿದ್ದು. ಎಷ್ಟು ತಿನ್ನಬೇಕು, ತಿನ್ನಬೇಕೋ ಬೇಡವೋ ಎನ್ನುವುದನ್ನು ಮಗುವಿಗೆ ಬಿಡಿ. ಎರಡು ತುತ್ತು ತಿಂದು ಎದ್ದರೆ ತಟ್ಟೆ ತೆಗೆದಿಡಿ. ಅರ್ಧ ಗಂಟೆ ಕಳೆದ ಮೇಲೆ ಬಿಸ್ಕತ್ತಿನ ಡಬ್ಬ ಮಾತ್ರ ಕೆಳಗಿಳಿಯಬಾರದು. ಮೊದಲ ವಾರ ರಂಪ ನಡೆಯುತ್ತದೆ, ಅದಕ್ಕೆ ಮನೆಯವರೆಲ್ಲ ಸಿದ್ಧರಿರಬೇಕು.

ಅಂಗನವಾಡಿಯಲ್ಲಿ ಅವಳು ತಿನ್ನುವ ಗುಟ್ಟೂ ಇಲ್ಲಿಯೇ ಇದೆ. ಅಲ್ಲಿ ಹೊತ್ತಿಗೆ ಸರಿಯಾಗಿ ಊಟ, ಓರಗೆಯವರ ಸಾಲು, ಕೈಯಲ್ಲಿ ಮೊಬೈಲ್ ಇಲ್ಲ, ತಿಂದೆಯಾ ಎಂದು ಮುಖ ನೋಡುವವರೂ ಇಲ್ಲ. ಮೊಬೈಲ್ ನೋಡುತ್ತ ನುಂಗುವ ಮಗುವಿಗೆ ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ, ಬಾಯಲ್ಲಿದ್ದ ಪದಾರ್ಥದ ರುಚಿಯೂ ನೆನಪಿನಲ್ಲಿ ಉಳಿಯುವುದಿಲ್ಲ.

ಸೊಪ್ಪು, ಕಾಳಿನ ವಿಷಯದಲ್ಲಿ ಒಂದು ಅನುಮಾನ ನನಗಿದೆ. ನಮ್ಮ ಕಡೆಯ ಬಸ್ಸಾರು, ಉಪ್ಸಾರಿನ ಖಾರ ದೊಡ್ಡವರಿಗೇ ಕಣ್ಣಲ್ಲಿ ನೀರು ತರಿಸುವಂಥದ್ದು. ಬೆಂದ ಕಾಳು, ಸೊಪ್ಪನ್ನು ಮಸಾಲೆ ಕೂಡಿಸುವ ಮುನ್ನವೇ ಒಂದು ಸೌಟು ಎತ್ತಿಟ್ಟು, ಉಪ್ಪು, ತುಪ್ಪ, ತೆಂಗಿನತುರಿ ಹಾಕಿ ಕೊಟ್ಟು ನೋಡಿ. ಅವಳಿಗೆ ಒಗ್ಗಿರುವ ಮೊಸರನ್ನದ ಪಕ್ಕದಲ್ಲಿ ಒಂದೇ ಚಮಚದಷ್ಟು ಬಡಿಸಿ, ಅದರ ಬಗ್ಗೆ ಮಾತೇ ಆಡಬೇಡಿ. ಮುಟ್ಟದಿದ್ದರೂ ಬೇಸರವಿಲ್ಲ. ಹೊಸ ರುಚಿ ಒಪ್ಪಿಗೆಯಾಗಲು ಹತ್ತು ಹದಿನೈದು ಸಲ ಕಣ್ಣಿಗೆ, ಕೈಗೆ, ನಾಲಿಗೆಗೆ ಸಿಗಬೇಕಾಗಬಹುದು. ಹೆಚ್ಚಿನ ಮನೆಗಳಲ್ಲಿ ಮೂರು ನಾಲ್ಕು ಸಲಕ್ಕೇ "ಇವಳಿಗೆ ಆಗಿಬರುವುದಿಲ್ಲ" ಎಂದು ತೀರ್ಮಾನವಾಗಿಬಿಡುತ್ತದೆ. ಸೊಪ್ಪು ತಿಂದರೆ ಚಾಕೊಲೇಟು ಕೊಡುತ್ತೇನೆ ಎಂಬ ಆಮಿಷವೂ ಬೇಡ, ಗುಮ್ಮನ ಹೆದರಿಕೆಯೂ ಬೇಡ. ಲಂಚ ಕೊಟ್ಟು ತಿನ್ನಿಸಬೇಕಾದ ವಸ್ತು ಕೆಟ್ಟದ್ದೇ ಇರಬೇಕೆಂದು ಮಗು ಲೆಕ್ಕ ಹಾಕುತ್ತದೆ.

ಅವರೆಕಾಯಿಯ ಕಾಲದಲ್ಲಿ ನೆನೆಸಿದ ಕಾಳು ಹಿದುಕಲು ಅವಳನ್ನೂ ಕೂರಿಸಿಕೊಳ್ಳಿ. ಬೆರಳಿನಿಂದ ಒತ್ತಿದೊಡನೆ ಸಿಪ್ಪೆಯಿಂದ ಚಿಮ್ಮುವ ಬೇಳೆ ಮಕ್ಕಳಿಗೆ ಆಟವೇ. ತಾನು ಹಿದುಕಿದ್ದು ತಟ್ಟೆಗೆ ಬಂದಾಗ ಒಂದಾದರೂ ಬಾಯಿಗೆ ಹೋಗುತ್ತದೆ. ಹಸಿ ಕಾಳನ್ನಾಗಲಿ ಇಡೀ ಕಡಲೆಬೀಜವನ್ನಾಗಲಿ ಬಾಯಿಗೆ ಹಾಕಿಕೊಳ್ಳದಂತೆ ಪಕ್ಕದಲ್ಲೇ ಇದ್ದು ನೋಡಿಕೊಳ್ಳಬೇಕು, ಈ ವಯಸ್ಸಿನಲ್ಲಿ ಅವು ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ. ಮುದ್ದೆಗೆ ಆತುರವಿಲ್ಲ. ಅಗಿಯದೆ ನುಂಗುವ ಊಟ ಎಲ್ಲ ಮಕ್ಕಳಿಗೂ ಒಮ್ಮೆಗೇ ಹಿಡಿಸುವುದಿಲ್ಲ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುವುದರಿಂದ, ಹಾಲು ಕಡಿಮೆಯಾಯಿತಲ್ಲ ಎಂಬ ಅತ್ತೆಯವರ ಚಿಂತೆಗೆ ಉತ್ತರ ರಾಗಿಯೇ: ರಾಗಿರೊಟ್ಟಿ, ರಾಗಿದೋಸೆ, ಬೆಲ್ಲ ಮತ್ತು ಕಾಯಿತುರಿ ಕಲಸಿದ ಹುರಿಹಿಟ್ಟು. ಹಿತ್ತಲಲ್ಲಿ ಸೀಬೆಮರವಿದ್ದರೆ ಊಟದ ಜೊತೆಗೆ ಒಂದೆರಡು ಹೋಳು ಸೀಬೆಹಣ್ಣು ಕೊಡಿ. ಅದರ ಸಿ ಜೀವಸತ್ವ ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ.

ಅತ್ತೆಯವರೊಡನೆ ವಾದ ಬೇಡ. ತೂಕದ ದಿನ ಅವರನ್ನೇ ಅಂಗನವಾಡಿಗೆ ಕರೆದುಕೊಂಡು ಹೋಗಿ, ತಾಯಿ ಕಾರ್ಡಿನಲ್ಲಿ ಮಗುವಿನ ಗೆರೆ ಎಲ್ಲಿದೆ ಎಂಬುದನ್ನು ಟೀಚರ್ ಬಾಯಿಂದಲೇ ಕೇಳಿಸಿ. ಆಮೇಲೆ ಹಿಂದೆ ಓಡುವ ಕೆಲಸದ ಬದಲು ಮೊಮ್ಮಗಳ ಜೊತೆ ಕೂತು ಉಣ್ಣುವ ಕೆಲಸವನ್ನು ಅವರಿಗೆ ಒಪ್ಪಿಸಿ. ಅಜ್ಜಿ ಸೊಪ್ಪು ಚಪ್ಪರಿಸುವುದನ್ನು ನೋಡುವುದು ನೂರು ಸಲ ಹೇಳಿಸಿಕೊಳ್ಳುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಈ ವಯಸ್ಸಿನಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಬಳಪ, ಮಣ್ಣು ತಿನ್ನುವುದು, ನುಂಗುವಾಗ ಕೆಮ್ಮುವುದು ಅಥವಾ ಪದೇ ಪದೇ ವಾಂತಿ, ಮೂರು ನಾಲ್ಕು ತಿಂಗಳು ತೂಕ ನಿಂತಲ್ಲೇ ನಿಲ್ಲುವುದು, ತಿನ್ನುತ್ತಿದ್ದ ಪದಾರ್ಥಗಳನ್ನೂ ಒಂದೊಂದಾಗಿ ಬಿಡುತ್ತಾ ಬರುವುದು, ಮಾತು ತಡವಾಗಿರುವುದು, ಇವುಗಳಲ್ಲಿ ಯಾವುದು ಕಂಡರೂ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಪ್ರಶ್ನೆ: ಮೂರೂವರೆ ವರ್ಷದ ಮೊಮ್ಮಗ ಬೆಳಿಗ್ಗೆ ನನ್ನ ಜೊತೆ ಅರ್ಧ ಲೋಟ ಕಾಫಿ ಕುಡಿಯುತ್ತಾನೆ. ಆಮೇಲೆ ತಿಂಡಿ ಬೇಡವೆನ್ನುತ್ತಾನೆ. ಮಗಳು ನನ್ನನ್ನೇ ಬೈಯುತ್ತಾಳೆ. ಹಾಲೇ ಹೆಚ್ಚು, ಡಿಕಾಕ್ಷನ್ ಕಡಿಮೆ, ಇದರಿಂದ ತೊಂದರೆಯೇ?
— ಹಿರಿಯರೊಬ್ಬರು, ಮೂಡಿಗೆರೆ

ಉತ್ತರ: ಕಾಫಿ ತೋಟದ ಸೀಮೆಯಲ್ಲಿ ಕೂತು ಇದನ್ನು ಹೇಳಲು ನನಗೂ ಸಂಕೋಚವೇ, ಆದರೂ ನಿಮ್ಮ ಮಗಳ ಮಾತೇ ಸರಿ. ಕಾಫಿಯಲ್ಲಿರುವ ಒಗರು ಅಂಶಗಳು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ಕೆಫೀನ್ ಚಿಕ್ಕ ಮಕ್ಕಳ ನಿದ್ದೆ ಕೆಡಿಸುತ್ತದೆ, ಸಕ್ಕರೆ ಮತ್ತು ಹಾಲು ಸೇರಿ ತಿಂಡಿಯ ಹಸಿವನ್ನು ಅಳಿಸುತ್ತವೆ. ಅವನಿಗೆ ಬೇಕಾಗಿರುವುದು ಬಹುಶಃ ಕಾಫಿಯಲ್ಲ, ತಾತನ ಪಕ್ಕದ ಜಾಗ ಮತ್ತು ತಾತನಂಥದ್ದೇ ಲೋಟ. ಅದೇ ಲೋಟದಲ್ಲಿ ಕಾಲು ಭಾಗ ರಾಗಿ ಗಂಜಿ ಕೊಡಿ. ತಿಂಡಿಗೆ ಜಾಗ ಉಳಿಯುತ್ತದೆ.

ಪ್ರಶ್ನೆ: ಹಸಿವು ಹೆಚ್ಚಿಸುವ ಟಾನಿಕ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆಯಂತೆ. ಮಗುವಿಗೆ ಕೊಡಬಹುದೇ?
— ಅರಸೀಕೆರೆ

ಉತ್ತರ: ನೀವಾಗಿಯೇ ತಂದು ಕೊಡಬೇಡಿ. ಅಂಥ ಕೆಲವು ಸಿರಪ್‌ಗಳಲ್ಲಿ ಇರುವುದು ಸೈಪ್ರೊಹೆಪ್ಟಡೀನ್ ಎಂಬ ಅಲರ್ಜಿಯ ಔಷಧಿ. ಮಗು ತೂಕಡಿಸುತ್ತದೆ, ನಿಲ್ಲಿಸಿದ ಮೇಲೆ ಹಸಿವು ಮೊದಲಿನಂತೆಯೇ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಐದು ವರ್ಷದೊಳಗಿನ ಮಕ್ಕಳಿಗೆ ಸರ್ಕಾರದಿಂದ ಉಚಿತವಾಗಿ ಬರುವ ಕಬ್ಬಿಣಾಂಶದ ಸಿರಪ್ಪನ್ನು ವಾರಕ್ಕೆ ಎರಡು ಸಲ, ಒಂದು ಮಿಲಿಲೀಟರ್‌ನಂತೆ ಕೊಡುತ್ತಿದ್ದೀರೋ ಇಲ್ಲವೋ ನೋಡಿ. ಮನೆಯಲ್ಲಿ ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಜಂತುಹುಳದ ಮಾತ್ರೆಯನ್ನು ಫೆಬ್ರುವರಿ ಮತ್ತು ಆಗಸ್ಟ್ ತಿಂಗಳಲ್ಲಿ ಅಂಗನವಾಡಿಯಲ್ಲೇ ಕೊಡುತ್ತಾರೆ.